ಒಂಟಾರಿಯೊದಲ್ಲಿ ಪರ್ಸನಲ್ ಸಪೋರ್ಟ್ ವರ್ಕರ್ ಆಗಲು ತರಬೇತಿ: ಶಾಲೆಯ ಆಯ್ಕೆಯಿಂದ ಮೊದಲ ಕೆಲಸದವರೆಗೆ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವೃದ್ಧರ, ಕಾಯಿಲೆಯವರ ದಿನನಿತ್ಯದ ಆರೈಕೆ ಮಾಡುವ ಪರ್ಸನಲ್ ಸಪೋರ್ಟ್ ವರ್ಕರ್, ಚಿಕ್ಕದಾಗಿ ಪಿ.ಎಸ್.ಡಬ್ಲ್ಯು., ಆಗಬೇಕೆಂದು ಬಯಸುವವರು ಸಾಮಾನ್ಯವಾಗಿ ವಿಚಾರಿಸುವುದು ಎಷ್ಟು ತಿಂಗಳು ಓದಬೇಕು, ಎಷ್ಟು ಶುಲ್ಕ ಕಟ್ಟಬೇಕು ಎಂಬ ಎರಡು ಸಂಗತಿಗಳನ್ನು. ಅವೆರಡಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಶಾಲೆ ವಿದ್ಯಾರ್ಥಿಗಳನ್ನು ಪ್ಲೇಸ್‌ಮೆಂಟ್‌ಗೆ, ಅಂದರೆ ಕೋರ್ಸಿನ ಭಾಗವಾಗಿ ಆರೈಕೆ ನಿಲಯ ಮೊದಲಾದೆಡೆ ಮಾಡುವ ಪ್ರಾಯೋಗಿಕ ತರಬೇತಿಗೆ, ಎಲ್ಲಿಗೆ, ಯಾವಾಗ, ಯಾರ ಮೇಲ್ವಿಚಾರಣೆಯಲ್ಲಿ ಕಳುಹಿಸುತ್ತದೆ? ಪ್ರಮಾಣಪತ್ರ ಯಾವ ಮಾನ್ಯ ಸಂಸ್ಥೆಯಿಂದ ಬಂದರೂ ಅದರ ಕಾನೂನುಬದ್ಧ ಬೆಲೆ ಒಂದೇ. ಆದರೆ ಕೆಲಸ ಕೊಡುವವರು ನೋಡುವುದು ಪ್ಲೇಸ್‌ಮೆಂಟ್‌ನಲ್ಲಿ ನೀವು ಹೇಗೆ ನಡೆದುಕೊಂಡಿರಿ ಎಂಬುದನ್ನು, ಮತ್ತು ಎಷ್ಟೋ ಜನರಿಗೆ ಮೊದಲ ಕೆಲಸ ಸಿಗುವುದೂ ಅದೇ ನಿಲಯದಲ್ಲಿ. ಆದ್ದರಿಂದ ಈ ಲೇಖನದ ಪ್ರತಿ ಹೆಜ್ಜೆಯೂ ಪ್ಲೇಸ್‌ಮೆಂಟನ್ನೇ ಕಣ್ಣ ಮುಂದಿಟ್ಟುಕೊಂಡಿದೆ.

ಮೊದಲ ಹೆಜ್ಜೆ: ಕೆಲಸದ ಎಲ್ಲೆ ಎಲ್ಲಿದೆ ಎಂದು ತಿಳಿಯುವುದು

ವೃದ್ಧರಿಗೆ, ಅಂಗವೈಕಲ್ಯ ಇರುವವರಿಗೆ, ದೀರ್ಘಕಾಲದ ಕಾಯಿಲೆಯಿಂದ ಬಳಲುವವರಿಗೆ ಮತ್ತು ಕೊನೆಯ ದಿನಗಳಲ್ಲಿರುವವರಿಗೆ ಸ್ನಾನ, ಉಡುಗೆ, ಊಟ, ಶೌಚ, ಓಡಾಟ ಮೊದಲಾದ ದಿನನಿತ್ಯದ ಅಗತ್ಯಗಳಲ್ಲಿ ನೆರವಾಗುವುದು ಈ ವೃತ್ತಿಯ ತಿರುಳು. ಮನೆಗೆ ಹೋಗಿ ಆರೈಕೆ ಮಾಡುವವರು ಇದರ ಜೊತೆಗೆ ಹಗುರ ಅಡುಗೆ, ಬಟ್ಟೆ ಒಗೆಯುವುದು, ಹಾಸಿಗೆ ಬದಲಿಸುವುದು ಇತ್ಯಾದಿಗಳನ್ನೂ ಮಾಡಬೇಕಾಗುತ್ತದೆ. ಮಲಮೂತ್ರ ಶುಚಿಗೊಳಿಸುವುದು ಆಗೊಮ್ಮೆ ಈಗೊಮ್ಮೆ ಬರುವ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ಶಿಫ್ಟಿನಲ್ಲಿಯೂ ಅದು ಹಲವು ಸಲ ಬರುತ್ತದೆ. ಹಿಂಜರಿಕೆಯಿದ್ದರೆ ಅದು ಶುಲ್ಕ ಕಟ್ಟುವ ಮೊದಲೇ ಗೊತ್ತಾಗುವುದು ಒಳ್ಳೆಯದು. ಹತ್ತಿರದ ದೀರ್ಘಾವಧಿ ಆರೈಕೆ ನಿಲಯದಲ್ಲಿ ಕೆಲವು ವಾರ ಸ್ವಯಂಸೇವಕರಾಗಿ ಹೋಗಿ ಬಂದರೆ ಯಾವ ಮಾಹಿತಿ ಪತ್ರಕ್ಕಿಂತಲೂ ಹೆಚ್ಚು ಅರ್ಥವಾಗುತ್ತದೆ.

ನರ್ಸ್‌ಗಳು ಒಂಟಾರಿಯೊದ 1991ರ ನಿಯಂತ್ರಿತ ಆರೋಗ್ಯ ವೃತ್ತಿಗಳ ಕಾಯ್ದೆಯ ಅಡಿಯಲ್ಲಿ ಬರುತ್ತಾರೆ, ಪಿ.ಎಸ್.ಡಬ್ಲ್ಯು.ಗಳು ಬರುವುದಿಲ್ಲ. ಆ ಕಾಯ್ದೆ ‘ನಿಯಂತ್ರಿತ ಕ್ರಿಯೆ’ಗಳೆಂದು ಗುರುತಿಸಿರುವ ಚುಚ್ಚುಮದ್ದು ಕೊಡುವುದು, ಚರ್ಮದ ಕೆಳಗಿನ ಗಾಯಕ್ಕೆ ಚಿಕಿತ್ಸೆ ಮಾಡುವುದು ಮುಂತಾದವು ನಿಮ್ಮ ಕೆಲಸವಲ್ಲ, ಅಧಿಕಾರವುಳ್ಳವರು ವಿಧಿವತ್ತಾಗಿ ಕಲಿಸಿ ಒಪ್ಪಿಸಿದಾಗ, ಅಥವಾ ನಿರ್ದಿಷ್ಟ ವ್ಯಕ್ತಿಯ ನಿತ್ಯದ ಬದುಕಿನ ಭಾಗವಾಗಿ ಕಾನೂನು ವಿನಾಯಿತಿ ಕೊಟ್ಟಿರುವಲ್ಲಿ ಮಾತ್ರ ಕೆಲವನ್ನು ಮಾಡಬಹುದು. ‘ಬೇರೆಯವರು ಮಾಡುತ್ತಾರೆ, ನೀನೂ ಮಾಡು’ ಎಂಬ ಒತ್ತಡ ಕೆಲಸದ ಸ್ಥಳದಲ್ಲಿ ಬಂದೇ ಬರುತ್ತದೆ. ಎಲ್ಲೆ ಯಾವುದೆಂದು ತಿಳಿದವರಿಗೆ ಇಲ್ಲ ಎನ್ನಲು ಕಷ್ಟವಾಗದು.

ಬೇಡಿಕೆಯ ಬಗ್ಗೆ ಒಂದೇ ಮಾತು ಸಾಕು. ಒಂಟಾರಿಯೊದ 2021ರ ದೀರ್ಘಾವಧಿ ಆರೈಕೆ ಕಾಯ್ದೆ ನಿಲಯಗಳಲ್ಲಿರುವ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 4 ಗಂಟೆಗಳ ನೇರ ಆರೈಕೆಯನ್ನು 2025ರ ಮಾರ್ಚ್ 31ರೊಳಗೆ ತಲುಪಬೇಕಾದ ಗುರಿಯಾಗಿ ಇಟ್ಟಿತು. ಆ ಗಂಟೆಗಳನ್ನು ತುಂಬುವವರು ನರ್ಸ್‌ಗಳು ಮತ್ತು ಪಿ.ಎಸ್.ಡಬ್ಲ್ಯು.ಗಳು.

ಎರಡನೆಯ ಹೆಜ್ಜೆ: ಎಲ್ಲಿ ಕಲಿಯಬೇಕು

ದಾರಿಗಳು ಮೂರು. ಹಂಬರ್, ಸೆಂಟೆನಿಯಲ್, ಕಾನೆಸ್ಟೋಗಾ, ಅಲ್ಗಾಂಕ್ವಿನ್ ಮೊದಲಾದ ಸಾರ್ವಜನಿಕ ಕಾಲೇಜುಗಳು ಸಾಮಾನ್ಯವಾಗಿ ಎರಡು ಸೆಮಿಸ್ಟರ್‌ಗಳ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತವೆ. ಖಾಸಗಿ ಕೆರಿಯರ್ ಕಾಲೇಜುಗಳು ಇದನ್ನೇ ಕಡಿಮೆ ತಿಂಗಳುಗಳಲ್ಲಿ, ಆದರೆ ಹೆಚ್ಚಿನ ಶುಲ್ಕಕ್ಕೆ ಕಲಿಸುತ್ತವೆ. ವರ್ಷದಲ್ಲಿ ಹಲವು ಬಾರಿ ಪ್ರವೇಶ ಸಿಗುವುದು ಅವುಗಳ ಅನುಕೂಲ. ಮೂರನೆಯದು ಬಹಳಷ್ಟು ಹೊಸಬರಿಗೆ ಗೊತ್ತೇ ಇರದ ದಾರಿ: ಕೆಲವು ಶಾಲಾ ಮಂಡಳಿಗಳು ತಮ್ಮ ವಯಸ್ಕರ ಶಿಕ್ಷಣ ವಿಭಾಗದಲ್ಲಿ ಪಿ.ಎಸ್.ಡಬ್ಲ್ಯು. ತರಬೇತಿಯನ್ನು ಕಡಿಮೆ ಖರ್ಚಿನಲ್ಲಿ ನೀಡುತ್ತವೆ. ಒಂಟಾರಿಯೊದ ಕಾಯಂ ನಿವಾಸಿಗಳಾಗಿದ್ದು ಕೈಯಲ್ಲಿ ಹೆಚ್ಚು ಹಣವಿಲ್ಲದವರು ಮೊದಲು ವಿಚಾರಿಸಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಸಾರ್ವಜನಿಕ ಕಾಲೇಜುಗಳು ಸಾಮಾನ್ಯವಾಗಿ ಒಂಟಾರಿಯೊದ ಪ್ರೌಢಶಾಲಾ ಡಿಪ್ಲೊಮಾವನ್ನೂ 12ನೆಯ ತರಗತಿಯ ಇಂಗ್ಲಿಷನ್ನೂ ಕೇಳುತ್ತವೆ. ಅವು ಇಲ್ಲದವರು 19 ವರ್ಷ ತುಂಬಿದ್ದರೆ ‘ಪ್ರೌಢ ವಿದ್ಯಾರ್ಥಿ’ಯಾಗಿ ಪ್ರವೇಶ ಪರೀಕ್ಷೆ ಬರೆಯಬಹುದು. ಬೇರೆ ದೇಶದಲ್ಲಿ ಓದಿದವರು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕಾಗಬಹುದು, ಇಂಗ್ಲಿಷ್ ಪರೀಕ್ಷೆಯ ಅಂಕಗಳನ್ನೂ ಕೊಡಬೇಕಾಗಬಹುದು. ಇಂಗ್ಲಿಷಿನ ವಿಷಯದಲ್ಲಿ ಕಾಲೇಜಿನ ಕನಿಷ್ಠ ಅಂಕಕ್ಕೆ ತೃಪ್ತರಾಗಬೇಡಿ. ಹಲ್ಲಿನ ಸೆಟ್ಟು ತೆಗೆದಿಟ್ಟು ಮೆಲ್ಲನೆ ಗೊಣಗುವ ವೃದ್ಧರ ಮಾತನ್ನು ಹಿಡಿಯುವುದು, ಗಡಿಬಿಡಿಯಲ್ಲಿರುವ ನರ್ಸ್‌ಗೆ ಎರಡು ವಾಕ್ಯದಲ್ಲಿ ವರದಿ ಒಪ್ಪಿಸುವುದು ಯಾವ ಭಾಷಾ ಪರೀಕ್ಷೆಯಲ್ಲಿಯೂ ಬರುವುದಿಲ್ಲ.

ಸಂಸ್ಥೆಯನ್ನು ಆರಿಸುವಾಗ ಪರಿಶೀಲಿಸಲೇಬೇಕಾದ ಒಂದು ಅಂಶವಿದೆ. ದೀರ್ಘಾವಧಿ ಆರೈಕೆ ನಿಲಯಗಳು ಸಾಮಾನ್ಯವಾಗಿ ಕೆಲಸಕ್ಕೆ ತೆಗೆದುಕೊಳ್ಳುವುದು ಪ್ರಾಂತ್ಯದ ನಿಗದಿತ ಮಾನದಂಡಕ್ಕೆ ಅನುಗುಣವಾದ, ತರಗತಿ ಮತ್ತು ಪ್ರಾಯೋಗಿಕ ಅವಧಿ ಸೇರಿ ಕನಿಷ್ಠ 600 ಗಂಟೆಗಳ ಕಾರ್ಯಕ್ರಮವನ್ನು ಮುಗಿಸಿದವರನ್ನು; ನಿಯಮದಲ್ಲಿ ಕೆಲವು ವಿನಾಯಿತಿಗಳಿದ್ದರೂ ಹೊಸಬರು ಅವುಗಳನ್ನು ನೆಚ್ಚಿಕೊಳ್ಳಬಾರದು. ‘ಆರು ವಾರಗಳಲ್ಲಿ ಪೂರ್ತಿ ಆನ್‌ಲೈನ್ ಸರ್ಟಿಫಿಕೇಟ್’ ಎಂಬ ಜಾಹೀರಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಸಿದ್ಧಾಂತದ ಪಾಠಗಳನ್ನು ಪರದೆಯ ಮೇಲೆ ಕಲಿಯಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಪಾರ್ಶ್ವವಾಯು ಬಡಿದವರೊಬ್ಬರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವುದನ್ನು ಪರದೆ ಕಲಿಸಲಾರದು.

ಕೆರಿಯರ್ ಕಾಲೇಜಾದರೆ ಸಂಸ್ಥೆ ನೋಂದಾಯಿತವಾಗಿದೆಯೇ ಎಂಬುದರ ಜೊತೆಗೆ ಪಿ.ಎಸ್.ಡಬ್ಲ್ಯು. ಕಾರ್ಯಕ್ರಮಕ್ಕೆ ಪ್ರತ್ಯೇಕ ಅನುಮೋದನೆ ಇದೆಯೇ ಎಂದೂ ಪ್ರಾಂತ್ಯ ಸರ್ಕಾರದ ಜಾಲತಾಣದಲ್ಲಿ ಹುಡುಕಿ ನೋಡಿ. ಒಪ್ಪಂದ ಲಿಖಿತವಾಗಿರಬೇಕು, ಅದರ ಪ್ರತಿ ನಿಮ್ಮ ಕೈಯಲ್ಲಿರಬೇಕು. ಪ್ರತಿ ಸಿಕ್ಕ ಎರಡು ದಿನಗಳೊಳಗೆ ಬೇಡವೆಂದು ಬರೆದುಕೊಟ್ಟರೆ ಕಟ್ಟಿದ ಹಣ ಪೂರ್ತಿ ವಾಪಸಾಗಬೇಕು ಎಂಬುದು ನಿಯಮ. ಸಹಿ ಹಾಕುವ ಮೊದಲು ಪ್ಲೇಸ್‌ಮೆಂಟ್ ಬಗ್ಗೆ ನೇರವಾಗಿ ಕೇಳಿ: ಯಾವ ನಿಲಯಗಳೊಂದಿಗೆ ಒಡಂಬಡಿಕೆ ಇದೆ, ತರಗತಿ ಮುಗಿದ ಎಷ್ಟು ದಿನಕ್ಕೆ ಕಳುಹಿಸುತ್ತೀರಿ, ಸ್ಥಳವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೇ? ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಬೇರೆ ಸಂಸ್ಥೆಯನ್ನು ನೋಡುವುದು ಲೇಸು.

ಸ್ಟಡಿ ಪರ್ಮಿಟ್ ಮೇಲೆ ಬರಲು ಯೋಚಿಸುವವರು ಇನ್ನೂ ಎಚ್ಚರದಿಂದ ಇರಬೇಕು. ಒಂಟಾರಿಯೊದ ಖಾಸಗಿ ಕೆರಿಯರ್ ಕಾಲೇಜಿನಲ್ಲಿ ಓದಿದವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸಾರ್ವಜನಿಕ ಕಾಲೇಜಿನಲ್ಲಿಯೂ ಕೋರ್ಸ್ ಕನಿಷ್ಠ 8 ತಿಂಗಳಿನದ್ದಾಗಿರಬೇಕು ಮತ್ತು ಅಧ್ಯಯನ ಕ್ಷೇತ್ರ, ಭಾಷೆ ಕುರಿತ ಆ ಹೊತ್ತಿನ ನಿಯಮಗಳಿಗೆ ಹೊಂದಬೇಕು. ಕೆನಡಾದ ಉದ್ಯೋಗ ವರ್ಗೀಕರಣದಲ್ಲಿ ನಿಲಯ, ಆಸ್ಪತ್ರೆಗಳಲ್ಲಿ ಮಾಡುವ ಕೆಲಸ 33102 ಎಂಬ ಸಂಖ್ಯೆಯಡಿ, ಮನೆಗೆ ಹೋಗಿ ಮಾಡುವ ಆರೈಕೆ 44101 ಎಂಬ ಸಂಖ್ಯೆಯಡಿ ಬರುತ್ತವೆ. ವಲಸೆಯ ಕಾರ್ಯಕ್ರಮಗಳು ಇವೆರಡನ್ನೂ ಒಂದೇ ರೀತಿ ಕಾಣುವುದಿಲ್ಲವಾದ್ದರಿಂದ, ಏಜೆಂಟರ ಬಾಯಿಮಾತಿಗಿಂತ ಕೆನಡಾ ಸರ್ಕಾರದ ವಲಸೆ ಇಲಾಖೆಯ ಪುಟವನ್ನೇ ಓದಿ.

ಹಣಕಾಸಿಗೆ ಓಸ್ಯಾಪ್ ಎಂಬ ಪ್ರಾಂತ್ಯದ ವಿದ್ಯಾರ್ಥಿ ನೆರವು, ಕೆಲಸ ಕಳೆದುಕೊಂಡವರಿಗೆ ‘ಬೆಟರ್ ಜಾಬ್ಸ್ ಒಂಟಾರಿಯೊ’ ಇವೆ. 2024ರಲ್ಲಿ ಪ್ರಾಂತ್ಯ ಪ್ರಕಟಿಸಿದ ಯೋಜನೆಯಲ್ಲಿ ಅರ್ಹರಿಗೆ ಪ್ಲೇಸ್‌ಮೆಂಟ್ ಅವಧಿಗೆ 5,400 ಡಾಲರ್‌ವರೆಗೆ ಭತ್ಯೆಯೂ, 12 ತಿಂಗಳು ದೀರ್ಘಾವಧಿ ಅಥವಾ ಮನೆ ಆರೈಕೆಯಲ್ಲಿ ದುಡಿಯುವುದಾಗಿ ಒಪ್ಪಿದರೆ 10,000 ಡಾಲರ್ ಪ್ರೋತ್ಸಾಹಧನವೂ ಸೇರಿದ್ದವು. ಇಂಥ ಯೋಜನೆಗಳ ಬಾಗಿಲು ತೆರೆದು ಮುಚ್ಚುತ್ತಲೇ ಇರುತ್ತದೆ; ಅರ್ಜಿ ಹಾಕುವ ತಿಂಗಳಿನಲ್ಲಿಯೇ ವಿಚಾರಿಸಿ.

ಮೂರನೆಯ ಹೆಜ್ಜೆ: ಲಸಿಕೆ ಮತ್ತು ದಾಖಲೆಗಳ ಕಡತ

ಹೆಚ್ಚಿನ ವಿದ್ಯಾರ್ಥಿಗಳ ಪ್ಲೇಸ್‌ಮೆಂಟ್ ತಡವಾಗುವುದು ಓದಿನಿಂದಲ್ಲ, ಈ ಕಡತ ಪೂರ್ತಿಯಾಗದೆ. ಪ್ರವೇಶ ಖಚಿತವಾದ ವಾರವೇ ಇದನ್ನು ಆರಂಭಿಸಿ. ದಡಾರ, ಮಂಗನಬಾವು, ರುಬೆಲ್ಲಾ, ಸಿಡುಬು ಎಂದು ನಾವು ತಪ್ಪಾಗಿ ಕರೆಯುವ ಚಿಕನ್‌ಪಾಕ್ಸ್, ಧನುರ್ವಾಯು, ಹೆಪಟೈಟಿಸ್ ಬಿ ಇವುಗಳ ವಿರುದ್ಧ ರಕ್ಷಣೆ ಇರುವುದಕ್ಕೆ ಲಸಿಕೆ ದಾಖಲೆ ಅಥವಾ ರಕ್ತಪರೀಕ್ಷೆಯ ಫಲಿತಾಂಶ ಬೇಕಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಸಾಮಾನ್ಯವಾಗಿ 6 ತಿಂಗಳುಗಳಷ್ಟು ಹರಡಿಕೊಳ್ಳುವುದರಿಂದ ಕೊನೆಗಳಿಗೆಯಲ್ಲಿ ಅವಸರ ಮಾಡಿದರೂ ಪ್ರಯೋಜನವಿಲ್ಲ.

ಕ್ಷಯದ ಚರ್ಮಪರೀಕ್ಷೆಯನ್ನು ಎರಡು ಹಂತಗಳಲ್ಲಿ ಮಾಡಿಸಬೇಕಾಗುತ್ತದೆ. ಪ್ರತಿ ಸಲವೂ 48ರಿಂದ 72 ಗಂಟೆಗಳೊಳಗೆ ಮತ್ತೆ ಹೋಗಿ ತೋರಿಸಬೇಕು, ಎರಡನೆಯ ಚುಚ್ಚನ್ನು ಮೊದಲನೆಯದರ ಒಂದರಿಂದ ಮೂರು ವಾರಗಳ ನಂತರ ಹಾಕುತ್ತಾರೆ. ದಡಾರದ ಲಸಿಕೆಯನ್ನು ಅದರ ನಡುವೆ ಹಾಕಿಸಿಕೊಂಡರೆ ಚರ್ಮಪರೀಕ್ಷೆಯ ಫಲಿತಾಂಶ ಕೆಡಬಹುದಾದ್ದರಿಂದ ನಾಲ್ಕು ವಾರ ಕಾಯಬೇಕಾಗುತ್ತದೆ. ಯಾವುದು ಮೊದಲು ಎಂದು ವೈದ್ಯರನ್ನು ಕೇಳಿಯೇ ಹೊರಡಿ. ಬಾಲ್ಯದಲ್ಲಿ ಬಿ.ಸಿ.ಜಿ. ಲಸಿಕೆ ಪಡೆದವರಲ್ಲಿ ಪರೀಕ್ಷೆ ಪಾಸಿಟಿವ್ ಬರುವುದುಂಟು. ಅದರಿಂದ ಗಾಬರಿಯಾಗಬೇಕಿಲ್ಲ, ಎದೆಯ ಎಕ್ಸ್‌ರೇ ಮತ್ತು ವೈದ್ಯರ ಪತ್ರ ಬೇಕಾಗುತ್ತವೆ.

ಉಳಿದವು ಇವು: ದುರ್ಬಲರೊಂದಿಗೆ ಕೆಲಸ ಮಾಡುವವರಿಗೆ ಪೊಲೀಸರು ನಡೆಸುವ ‘ವಲ್ನರಬಲ್ ಸೆಕ್ಟರ್ ಚೆಕ್’, ಪ್ರಥಮ ಚಿಕಿತ್ಸೆ ಮತ್ತು ಸಿ.ಪಿ.ಆರ್. ಪ್ರಮಾಣಪತ್ರ, ಎನ್95 ಮುಖಗವಸಿನ ಅಳತೆ ಪರೀಕ್ಷೆ, ಅಪಾಯಕಾರಿ ವಸ್ತುಗಳ ಕುರಿತ ತರಬೇತಿಯ ದಾಖಲೆ. ಪೊಲೀಸ್ ಪತ್ರವನ್ನು ಬಹಳ ಮುಂಚೆ ಮಾಡಿಸಿದರೆ ಹಳತಾಯಿತೆಂದು ನಿಲಯದವರು ಒಪ್ಪದಿರಬಹುದು, ತಡಮಾಡಿದರೆ ಬೆರಳಚ್ಚು ಕೇಳಿ ವಾರಗಟ್ಟಲೆ ಹಿಡಿಯಬಹುದು. ಎಷ್ಟು ಹಳೆಯ ಪತ್ರ ನಡೆಯುತ್ತದೆ ಎಂಬುದನ್ನು ಶಾಲೆಯಿಂದಲೇ ತಿಳಿದುಕೊಂಡು ದಿನ ಗೊತ್ತುಮಾಡಿ.

ನಾಲ್ಕನೆಯ ಹೆಜ್ಜೆ: ಪ್ರಯೋಗಾಲಯದಲ್ಲಿ ಕೈ ಪಳಗಿಸುವುದು

ದೇಹರಚನೆ, ಕಾಯಿಲೆಗಳು, ಪೋಷಣೆ, ಮಾನಸಿಕ ಆರೋಗ್ಯ, ದೌರ್ಜನ್ಯವನ್ನು ಗುರುತಿಸುವುದು, ಔಷಧಿಗೆ ನೆರವಾಗುವುದು, ಸಾವಿನ ಸಮೀಪದ ಆರೈಕೆ ಇವೆಲ್ಲ ಪಠ್ಯದಲ್ಲಿವೆ. ಓದಿ ಪರೀಕ್ಷೆ ಬರೆಯುವುದು ಅಷ್ಟೇನೂ ಕಠಿಣವಲ್ಲ. ಹೆಚ್ಚಿನವರು ತಡವರಿಸುವುದು ಬೊಂಬೆಯ ಮುಂದೆ, ಆಮೇಲೆ ಸಹಪಾಠಿಯ ಮುಂದೆ, ಬೋಧಕರು ಪಟ್ಟಿ ಹಿಡಿದು ಒಂದೊಂದಾಗಿ ಗುರುತು ಹಾಕುವಾಗ.

ಎಲ್ಲ ಕೌಶಲಗಳಿಗೂ ಒಂದೇ ಆರಂಭವಿದೆ: ಆ ವ್ಯಕ್ತಿಗೆ ಏನೇನು ನೆರವು ಬೇಕೆಂದು ಬರೆದಿಟ್ಟ ಆರೈಕೆ ಯೋಜನೆಯನ್ನು ಓದುವುದು, ಬಾಗಿಲು ತಟ್ಟುವುದು, ಕೈ ಶುಚಿಗೊಳಿಸುವುದು, ಹೆಸರು ಹೇಳಿಕೊಳ್ಳುವುದು, ವ್ಯಕ್ತಿಯ ಗುರುತು ಖಚಿತಪಡಿಸಿಕೊಳ್ಳುವುದು, ಏನು ಮಾಡಲಿದ್ದೇನೆಂದು ವಿವರಿಸಿ ಒಪ್ಪಿಗೆ ಕೇಳುವುದು, ಪರದೆ ಎಳೆಯುವುದು. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಈ ಸಣ್ಣ ಸಂಗತಿಗಳಲ್ಲಿಯೇ. ಕೈತೊಳೆಯುವುದಕ್ಕೆ ಒಂಟಾರಿಯೊದಲ್ಲಿ ‘ನಾಲ್ಕು ಕ್ಷಣ’ಗಳೆಂದು ಕಲಿಸುತ್ತಾರೆ: ವ್ಯಕ್ತಿಯನ್ನಾಗಲಿ ಅವರ ಸುತ್ತಲಿನ ವಸ್ತುಗಳನ್ನಾಗಲಿ ಮುಟ್ಟುವ ಮೊದಲು, ಸೋಂಕುರಹಿತ ಕ್ರಿಯೆಗೆ ಮೊದಲು, ದೇಹದ ದ್ರವಗಳು ತಗುಲಿರಬಹುದಾದ ನಂತರ, ಮತ್ತು ವ್ಯಕ್ತಿಯನ್ನು ಅಥವಾ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಕೈಗವಸು ಹಾಕಿಕೊಂಡಿದ್ದೆ ಎಂಬುದು ಕೈತೊಳೆಯದಿರಲು ಕಾರಣವಾಗುವುದಿಲ್ಲ.

ಹಾಸಿಗೆಯಲ್ಲೇ ಸ್ನಾನ ಮಾಡಿಸುವಾಗ ಶುಚಿಯಾದ ಭಾಗದಿಂದ ಕೊಳೆಯ ಭಾಗದ ಕಡೆಗೆ ಹೋಗಬೇಕು. ಕಣ್ಣುಗಳನ್ನು ಸೋಪಿಲ್ಲದೆ, ಮೂಗಿನ ಪಕ್ಕದ ಮೂಲೆಯಿಂದ ಹೊರಗಿನ ಮೂಲೆಗೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಭಾಗದಿಂದ ಒರೆಸಬೇಕು. ಗುಹ್ಯಭಾಗವನ್ನು ಮುಂದಿನಿಂದ ಹಿಂದಕ್ಕೆ ಮಾತ್ರ ಒರೆಸಬೇಕು. ಹಿಂದಿನಿಂದ ಮುಂದಕ್ಕೆ ಎಳೆದರೆ ಮಲದ ಬ್ಯಾಕ್ಟೀರಿಯಾ ಮೂತ್ರನಾಳಕ್ಕೆ ಸೇರಿ ಸೋಂಕಾಗುತ್ತದೆ. ತೊಳೆಯುತ್ತಿರುವ ಅಂಗವನ್ನಷ್ಟೇ ಬಿಚ್ಚಿ ಉಳಿದದ್ದನ್ನು ಟವೆಲಿನಿಂದ ಮುಚ್ಚಿರಬೇಕು. ನಿಲಯಗಳಲ್ಲಿ ಪ್ರತಿ ನಿವಾಸಿಗೆ ವಾರಕ್ಕೆ ಕನಿಷ್ಠ ಎರಡು ಸ್ನಾನ ಆಗಬೇಕೆಂಬ ನಿಯಮವಿದೆ, ಹಾಗಾಗಿ ಈ ಕೆಲಸ ನಿಮಗೆ ಕಣ್ಣುಮುಚ್ಚಿ ಬರುವಷ್ಟು ರೂಢಿಯಾಗುತ್ತದೆ. ಆದರೆ ಕಣ್ಣು ತೆರೆದೇ ಮಾಡಬೇಕು, ಏಕೆಂದರೆ ಚರ್ಮವನ್ನು ಪೂರ್ತಿಯಾಗಿ ನೋಡುವ ಅವಕಾಶ ಸಿಗುವುದು ಆಗಲೇ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಮೂಳೆ ಇವುಗಳ ಮೇಲೆ ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಒತ್ತಡದ ಹುಣ್ಣು ಶುರುವಾಗಿದೆ ಎಂದರ್ಥ. ಕೂಡಲೇ ನರ್ಸ್‌ಗೆ ಹೇಳಬೇಕು. ಕಪ್ಪು, ಕಂದು ಮೈಬಣ್ಣದವರಲ್ಲಿ ಆ ಕೆಂಪು ಕಾಣದಿರಬಹುದು, ಅಲ್ಲಿ ಬಿಸಿ, ಗಡಸುತನ, ನೋವು ಇವೆಯೇ ಎಂದು ನೋಡಬೇಕು. ತಾವೇ ಮಗ್ಗುಲು ಬದಲಿಸಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸುವುದು ಇದೇ ಕಾರಣಕ್ಕೆ.

ಬಟ್ಟೆ ತೊಡಿಸುವಾಗ ದುರ್ಬಲ ಕೈಗೆ ಮೊದಲು, ಕಳಚುವಾಗ ಗಟ್ಟಿಯಿರುವ ಕೈಯಿಂದ ಮೊದಲು. ಹಾಸಿಗೆಯಿಂದ ಕೂರಿಸುವಾಗ ಗಾಲಿಕುರ್ಚಿಯನ್ನು ಅವರ ಬಲವಿರುವ ಪಕ್ಕದಲ್ಲಿಟ್ಟು, ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಸರಿಸಿ, ಜಾರದ ಪಾದರಕ್ಷೆ ತೊಡಿಸಿ, ಸೊಂಟಕ್ಕೆ ಟ್ರಾನ್ಸ್‌ಫರ್ ಬೆಲ್ಟ್ ಕಟ್ಟಬೇಕು. ಕಂಕುಳಿಗೆ ಕೈಹಾಕಿ ಎತ್ತಿದರೆ ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಪೆಟ್ಟು. ಆರೈಕೆ ಯೋಜನೆಯಲ್ಲಿ ಯಾಂತ್ರಿಕ ಲಿಫ್ಟ್, ಅಂದರೆ ವ್ಯಕ್ತಿಯನ್ನು ಎತ್ತುವ ಯಂತ್ರ, ಎಂದಿದ್ದರೆ ಅದನ್ನೇ ಬಳಸಬೇಕು, ಇಬ್ಬರು ಬೇಕೆಂದಿದ್ದರೆ ಎರಡನೆಯವರು ಬರುವವರೆಗೆ ಕಾಯಬೇಕು. ಈ ವೃತ್ತಿಯನ್ನು ಅರ್ಧದಲ್ಲಿ ಬಿಡಿಸುವುದು ಹೆಚ್ಚಾಗಿ ಬೆನ್ನುನೋವು, ಅದು ಬರುವುದು ಕಾಯಲಾರದೆ ಒಬ್ಬರೇ ಎತ್ತಿದ ದಿನಗಳಿಂದ.

ಊಟ ಮಾಡಿಸುವಾಗ ನಿಂತುಕೊಂಡು ಮಾಡಿಸಬಾರದು. ಅವರ ಕಣ್ಣಿನ ಮಟ್ಟದಲ್ಲಿ ಕುಳಿತು, ಅವರನ್ನು ನೇರ ಕೂರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದ್ದಾರೆಂದು ಖಚಿತವಾದ ಮೇಲೆ ಮುಂದಿನದು. ಊಟದ ನಂತರ ಅರ್ಧ ಗಂಟೆಯಾದರೂ ಮಲಗಿಸಬಾರದು. ನುಂಗುವ ತೊಂದರೆ ಇರುವವರಿಗೆ ಪಾನೀಯದ ಮಂದತೆ, ಆಹಾರದ ಮೃದುತ್ವ ಎಷ್ಟಿರಬೇಕೆಂದು 0ರಿಂದ 7ರವರೆಗಿನ ಅಂತಾರಾಷ್ಟ್ರೀಯ ಮಟ್ಟಗಳಲ್ಲಿ ಬರೆದಿರುತ್ತಾರೆ. ‘ಸ್ವಲ್ಪ ನೀರು ತಾನೆ’ ಎಂದು ಕರುಣೆಯಿಂದ ಕೊಟ್ಟ ತೆಳುನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು.

ಒಂಟಾರಿಯೊದ ತರಗತಿಗಳಲ್ಲಿ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಡಿಪ್ಸ್ ಎಂಬ ಸೂತ್ರ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ಘನತೆ, ಸ್ವಾವಲಂಬನೆ, ಇಷ್ಟಾನಿಷ್ಟ, ಖಾಸಗಿತನ, ಸುರಕ್ಷತೆ. ಇವುಗಳಲ್ಲಿ ನಮ್ಮಂಥವರು ಹೆಚ್ಚು ತಪ್ಪುವುದು ಎರಡನೆಯದರಲ್ಲಿ. ಹಿರಿಯರಿಗೆ ಎಲ್ಲವನ್ನೂ ನಾವೇ ಮಾಡಿಕೊಡುವುದು ಗೌರವ ಎಂದು ಬೆಳೆದವರಿಗೆ, ನಡುಗುವ ಕೈಯಲ್ಲಿ ಗುಂಡಿ ಹಾಕಿಕೊಳ್ಳುತ್ತಿರುವವರನ್ನು ಐದು ನಿಮಿಷ ಸುಮ್ಮನೆ ನೋಡುತ್ತಾ ನಿಲ್ಲುವುದು ಒರಟುತನವೆನಿಸುತ್ತದೆ. ಆದರೆ ಅವರು ಮಾಡಬಲ್ಲದ್ದನ್ನು ನೀವು ಮಾಡುತ್ತಾ ಹೋದರೆ ಕೆಲವೇ ವಾರಗಳಲ್ಲಿ ಅವರಿಗೆ ಅದು ಮಾಡಲಾಗದ್ದಾಗುತ್ತದೆ.

ಐದನೆಯ ಹೆಜ್ಜೆ: ಪ್ಲೇಸ್‌ಮೆಂಟ್

ಬಹುತೇಕ ಕಾರ್ಯಕ್ರಮಗಳಲ್ಲಿ ಇದು 300 ಗಂಟೆಗಳ ಆಸುಪಾಸಿನಲ್ಲಿರುತ್ತದೆ. ಬೆಳಗಿನ 7 ಗಂಟೆಯ ಶಿಫ್ಟ್ ಎಂದರೆ 6:45ಕ್ಕೆ ಸಮವಸ್ತ್ರದಲ್ಲಿ ಕೆಲಸದ ಜಾಗದಲ್ಲಿರಬೇಕು. ಹಿಂದಿನ ಶಿಫ್ಟಿನವರು ಹೇಳುವ ವರದಿಯನ್ನು ಕಿಸೆಯ ಪುಸ್ತಕದಲ್ಲಿ ಕೋಣೆಯ ಸಂಖ್ಯೆಯೊಂದಿಗೆ ಬರೆದುಕೊಳ್ಳಿ, ಹೆಸರುಗಳನ್ನು ಬರೆದ ಹಾಳೆಯನ್ನು ಮನೆಗೆ ಒಯ್ಯಬೇಡಿ. ಅನುಭವಿ ಸಿಬ್ಬಂದಿ ಅಡ್ಡದಾರಿಗಳನ್ನು ಹಿಡಿಯುವುದನ್ನು ನೋಡುತ್ತೀರಿ. ಅವರೊಂದಿಗೆ ವಾದಿಸುವ ಅಗತ್ಯವಿಲ್ಲ, ‘ನನಗೆ ಕಲಿಸಿರುವುದು ಹೀಗೆ, ಹಾಗೆಯೇ ಮಾಡಬೇಕಾಗಿದೆ’ ಎಂದು ವಿನಯದಿಂದ ಹೇಳಿದರೆ ಸಾಕು. ದೌರ್ಜನ್ಯದ ಅನುಮಾನವಿದ್ದರೆ ಮಾತ್ರ ವಿನಯ ಸಾಲದು. ನಿವಾಸಿಯ ಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದಿದೆ ಎಂದು ನಂಬಲು ಕಾರಣವಿದ್ದವರು ತಕ್ಷಣ ವರದಿ ಮಾಡಬೇಕೆಂದು 2021ರ ಕಾಯ್ದೆಯೇ ಹೇಳುತ್ತದೆ, ವಿದ್ಯಾರ್ಥಿಯಾದ ಮಾತ್ರಕ್ಕೆ ಸುಮ್ಮನಿರಲಾಗದು. ನಿಮ್ಮ ಬೋಧಕರಿಗೂ ಅಂದೇ ತಿಳಿಸಿ.

ಮರೆವಿನ ಕಾಯಿಲೆ ಇರುವವರು ಸ್ನಾನ ಬೇಡವೆಂದು ಕೈ ಬೀಸಬಹುದು, ಬೈಯಬಹುದು. ಎದುರಿನಿಂದ, ಅವರಿಗೆ ಕಾಣುವಂತೆ ಹತ್ತಿರ ಹೋಗಿ; ಸತ್ಯ ಯಾವುದೆಂದು ಮನವರಿಕೆ ಮಾಡಲು ಹೊರಡಬೇಡಿ; ಹಿಂದೆ ಸರಿದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಬನ್ನಿ. ಎರಡನೆಯ ಸಲವೂ ಬೇಡವೆಂದರೆ ಅದನ್ನು ನರ್ಸ್‌ಗೆ ಹೇಳಿ ದಾಖಲಿಸಿ. ಒತ್ತಾಯದಿಂದ ಮಾಡಿಸಿದ ಸ್ನಾನ ಆರೈಕೆಯ ಲೆಕ್ಕಕ್ಕೆ ಬರುವುದಿಲ್ಲ.

ದಾಖಲೆಯ ಭಾಷೆಯನ್ನು ಮೊದಲ ವಾರದಿಂದಲೇ ರೂಢಿಸಿಕೊಳ್ಳಿ. ‘ಬೆಳಿಗ್ಗೆ ಸಿಟ್ಟಿನಲ್ಲಿದ್ದರು’ ಎಂಬುದು ನಿಮ್ಮ ಊಹೆ. ‘8:10ಕ್ಕೆ ತಟ್ಟೆಯನ್ನು ದೂರ ತಳ್ಳಿ ಬೇಡ ಎಂದರು, ಅರ್ಧ ಲೋಟ ಹಾಲು ಕುಡಿದರು’ ಎಂಬುದು ನರ್ಸ್‌ಗೆ ಉಪಯೋಗಕ್ಕೆ ಬರುವ ಮಾಹಿತಿ. ಅನೇಕ ನಿಲಯಗಳಲ್ಲಿ ಪಾಯಿಂಟ್‌ಕ್ಲಿಕ್‌ಕೇರ್ ಎಂಬ ತಂತ್ರಾಂಶದಲ್ಲಿ ಇದನ್ನು ತುಂಬುತ್ತಾರೆ. ಮಾಡದೆ ಇದ್ದದ್ದನ್ನು ಮಾಡಿದ್ದೇನೆಂದು ಗುರುತು ಹಾಕುವುದು ಕೆಲಸ ಕಳೆದುಕೊಳ್ಳುವ ಖಚಿತ ದಾರಿ.

ಆರನೆಯ ಹೆಜ್ಜೆ: ನೋಂದಣಿ ಮತ್ತು ಮೊದಲ ಕೆಲಸ

ಒಂಟಾರಿಯೊದಲ್ಲಿ 2024ರ ಡಿಸೆಂಬರ್ 1ರಿಂದ ಹೆಲ್ತ್ ಆ್ಯಂಡ್ ಸಪೋರ್ಟಿವ್ ಕೇರ್ ಪ್ರೊವೈಡರ್ಸ್ ಓವರ್‌ಸೈಟ್ ಅಥಾರಿಟಿ ಎಂಬ ಸಂಸ್ಥೆ ಪಿ.ಎಸ್.ಡಬ್ಲ್ಯು.ಗಳನ್ನು ನೋಂದಾಯಿಸಿಕೊಳ್ಳುತ್ತಿದೆ. ನೋಂದಣಿ ಕಡ್ಡಾಯವಲ್ಲ. ನೋಂದಾಯಿತರ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಇರುತ್ತದೆ, ಅವರು ನೀತಿಸಂಹಿತೆಗೆ ಒಳಪಡುತ್ತಾರೆ, ಅವರ ಮೇಲಿನ ದೂರುಗಳನ್ನು ಸಂಸ್ಥೆ ವಿಚಾರಿಸುತ್ತದೆ. ಇಲ್ಲಿ ಕೆಲಸದ ಚರಿತ್ರೆ ಇಲ್ಲದ ಹೊಸಬರಿಗೆ ಇದರಿಂದ ಅನುಕೂಲವೇ ಹೆಚ್ಚು ಎಂದು ನಾನು ಭಾವಿಸುತ್ತೇನೆ.

ಮೊದಲ ಕೆಲಸ ಬಹುಮಟ್ಟಿಗೆ ಕ್ಯಾಶುಯಲ್ ಅಥವಾ ಪಾರ್ಟ್‌ಟೈಮ್ ಆಗಿರುತ್ತದೆ. ರಾತ್ರಿ ಪಾಳಿ, ವಾರಾಂತ್ಯ ಎಂದು ಕರೆದಾಗಲೆಲ್ಲ ಹೋದವರಿಗೆ ಕಾಯಂ ಹುದ್ದೆ ಬೇಗ ಸಿಗುತ್ತದೆ. ನಿಲಯ, ರಿಟೈರ್ಮೆಂಟ್ ಹೋಮ್, ಆಸ್ಪತ್ರೆ, ಮನೆ ಆರೈಕೆ ಇವುಗಳಲ್ಲಿ ಸಂಬಳ, ಕೆಲಸದ ಭಾರ, ಯೂನಿಯನ್ ರಕ್ಷಣೆ ಬೇರೆ ಬೇರೆ. ಮನೆ ಆರೈಕೆಯನ್ನು 2024ರ ಜೂನ್‌ನಿಂದ ಒಂಟಾರಿಯೊ ಹೆಲ್ತ್ ಅಟ್‌ಹೋಮ್ ಎಂಬ ಪ್ರಾಂತ್ಯದ ಸಂಸ್ಥೆ ಸಂಯೋಜಿಸುತ್ತದೆ, ಆದರೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಅದರೊಂದಿಗೆ ಕರಾರು ಮಾಡಿಕೊಂಡ ಏಜೆನ್ಸಿ. ಅಂಥ ಸಂದರ್ಶನದಲ್ಲಿ ಎರಡು ಮನೆಗಳ ನಡುವಿನ ಪ್ರಯಾಣದ ಸಮಯಕ್ಕೆ ಹಣವಿದೆಯೇ, ಕಾರಿನ ಖರ್ಚು ಯಾರದು, ಒಬ್ಬರು ಕೊನೆಗಳಿಗೆಯಲ್ಲಿ ಬೇಡವೆಂದರೆ ಆ ಗಂಟೆ ಏನಾಗುತ್ತದೆ ಎಂದು ಕೇಳಲು ಸಂಕೋಚಪಡಬೇಡಿ. 2020ರ ಅಕ್ಟೋಬರ್‌ನಲ್ಲಿ ತಾತ್ಕಾಲಿಕವಾಗಿ ಆರಂಭವಾಗಿ 2022ರಲ್ಲಿ ಕಾಯಂ ಆದ ವೇತನ ಹೆಚ್ಚಳ, ಅಂದರೆ ಸರ್ಕಾರಿ ಅನುದಾನಿತ ದೀರ್ಘಾವಧಿ ಹಾಗೂ ಮನೆ ಆರೈಕೆಯಲ್ಲಿ ಗಂಟೆಗೆ 3 ಡಾಲರ್, ಆಸ್ಪತ್ರೆಗಳಲ್ಲಿ 2 ಡಾಲರ್, ಹೇಳಿದ ಸಂಬಳದಲ್ಲಿ ಸೇರಿದೆಯೇ ಪ್ರತ್ಯೇಕವೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಮುಂದೆ ನರ್ಸಿಂಗ್‌ಗೆ ಹೋಗುವ ಯೋಚನೆಯಿದ್ದವರು ಪಿ.ಎಸ್.ಡಬ್ಲ್ಯು. ಅರ್ಹತೆಯ ಮೇಲೆ ಪ್ರಾಕ್ಟಿಕಲ್ ನರ್ಸಿಂಗ್ ಡಿಪ್ಲೊಮಾಗೆ ಸೇರಿಸಿಕೊಳ್ಳುವ ಸೇತು ಕಾರ್ಯಕ್ರಮಗಳನ್ನು ಸಾರ್ವಜನಿಕ ಕಾಲೇಜುಗಳಲ್ಲಿ ಹುಡುಕಬಹುದು. ಅದಕ್ಕೆ ಶುಲ್ಕದ ನೆರವು ನೀಡುವ ಬಿಗಿನ್ ಎಂಬ ಯೋಜನೆಯನ್ನು ಪ್ರಾಕ್ಟಿಕಲ್ ನರ್ಸ್‌ಗಳ ಸಂಘವಾದ ವೀ ಆರ್‌ಪಿಎನ್ ನಡೆಸುತ್ತದೆ. ಸೇತು ಕಾರ್ಯಕ್ರಮಗಳಿಗೆ ಕೆಲಸದ ಅನುಭವದ ಪತ್ರ ಕೇಳುವುದುಂಟು, ಆದ್ದರಿಂದ ಪ್ರತಿ ಕೆಲಸ ಬಿಡುವಾಗಲೂ ದುಡಿದ ಗಂಟೆಗಳನ್ನು ನಮೂದಿಸಿದ ಪತ್ರವನ್ನು ಪಡೆದು ಲಸಿಕೆಯ ಕಡತದಲ್ಲಿಯೇ ಇಟ್ಟುಕೊಳ್ಳಿ.